ಪಂಪ್ ಮನೆಯ ಎರಡು ತಂತಿ ಮತ್ತು ವೈರ್‌ಶಾರ್ಕ್: ಒಂದು ಎಕ್ಸ್‌ಟ್‌ಕ್ಯಾಪ್ ಪ್ಲಗಿನ್‌ನ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದ ಕಾರ್ಖಾನೆ, ಊರು, ಉಪಕರಣಗಳ ತಯಾರಕರು ಯಾರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಕೆಲಸ ಮಾಡಿದವರು ಮೂವರು: ಪ್ಲಗಿನ್ ಬರೆದ ಕಿರಿಯ ಪ್ರೋಗ್ರಾಮರ್, ಸ್ಥಳದ ಎಲೆಕ್ಟ್ರಿಷಿಯನ್ ಮತ್ತು ಹೊರಗಿನಿಂದ ಸಲಹೆಗಾರನಾಗಿ ಹೋದ ನಾನು. ನಾವು ಎಲ್ಲೆಲ್ಲಿ ಎಡವಿದೆವು, ಯಾವ ನಿರ್ಧಾರವನ್ನು ಯಾಕೆ ಬದಲಿಸಿದೆವು ಎಂಬುದನ್ನು ಮುಚ್ಚಿಡದೆ ಬರೆದಿದ್ದೇನೆ. ಇಂಥದೇ ಕೆಲಸಕ್ಕೆ ಕೈ ಹಾಕುವವರಿಗೆ ನಮ್ಮ ಗೆಲುವಿಗಿಂತ ನಮ್ಮ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಪಂಪ್ ಯಾಕೆ ನಿಲ್ಲುತ್ತದೆ?

ಒಂದು ಆಹಾರ ಸಂಸ್ಕರಣಾ ಘಟಕದ ಪಂಪ್ ಮನೆ ಅದು. ಪ್ಯಾನೆಲ್ಲಿನೊಳಗಿನ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್), ಆರ್‌ಎಸ್-485 ಎಂಬ ಎರಡು ತಂತಿಗಳ ಸಾಲಿನ ಮೇಲೆ ಏಳು ಉಪಕರಣಗಳನ್ನು ಸರದಿಯಲ್ಲಿ ವಿಚಾರಿಸುತ್ತಿತ್ತು: ಪಂಪುಗಳ ವೇಗವನ್ನು ನಿಯಂತ್ರಿಸುವ ಎರಡು ಡ್ರೈವ್‌ಗಳು, ಟ್ಯಾಂಕುಗಳ ನೀರಿನ ಮಟ್ಟ ಅಳೆಯುವ ಮೂರು ಸಾಧನಗಳು, ಎರಡು ವಿದ್ಯುತ್ ಮೀಟರ್‌ಗಳು. ಅವು ಆಡುತ್ತಿದ್ದ ಭಾಷೆ 1979ರಲ್ಲಿ ಮಾಡಿಕಾನ್ ಕಂಪನಿ ರೂಪಿಸಿದ ಮಾಡ್‌ಬಸ್. ಅದರ ಕ್ರಮ ಶಾಲೆಯಲ್ಲಿ ಹಾಜರಿ ಕರೆದಂತೆ. ಕೇಳುವುದು ಪಿಎಲ್‌ಸಿ ಒಂದೇ, ಹೆಸರು ಕರೆಸಿಕೊಂಡವರು ಮಾತ್ರ ಉತ್ತರಿಸಬೇಕು, ಉಳಿದವರೆಲ್ಲ ಸುಮ್ಮನಿರಬೇಕು.

ದಿನಕ್ಕೆ ಎರಡು ಮೂರು ಸಲ ಒಂದನೇ ಪಂಪ್ ತಾನಾಗಿಯೇ ನಿಲ್ಲುತ್ತಿತ್ತು. ಡ್ರೈವ್‌ನ ಪರದೆಯ ಮೇಲೆ ಸಂಪರ್ಕ ತಪ್ಪಿದೆ ಎಂಬ ಸೂಚನೆ. ರಾತ್ರಿ ಪಾಳಿಯವರು ಓಡಿಹೋಗಿ ರೀಸೆಟ್ ಮಾಡಬೇಕು. ಡ್ರೈವ್ ಮಾರಿದವರು ಬಂದು, ತಮ್ಮ ಡ್ರೈವ್‌ಗೆ ಎರಡು ಸೆಕೆಂಡಿನವರೆಗೆ ಯಾವ ಪ್ರಶ್ನೆಯೂ ಬರಲಿಲ್ಲ, ಆದ್ದರಿಂದ ಅದು ಸುರಕ್ಷತೆಗಾಗಿ ನಿಂತಿತು ಎಂದರು. ಪಿಎಲ್‌ಸಿ ಪ್ರೋಗ್ರಾಂ ಬರೆದುಕೊಟ್ಟವರು ದಾಖಲೆ ತೆಗೆದು ತೋರಿಸಿ, ತಾವು ಪ್ರಶ್ನೆ ಕಳುಹಿಸಿದ್ದೇವೆ, ಡ್ರೈವ್ ಉತ್ತರಿಸಲಿಲ್ಲ ಎಂದರು. ಇಬ್ಬರ ಬಳಿಯೂ ಪುರಾವೆ ಇತ್ತು. ಕೇಬಲ್ ಬದಲಾಯಿಸಿದ್ದಾಯಿತು, ಸಾಲಿನ ಎರಡೂ ತುದಿಯ 120 ಓಮ್ ರೆಸಿಸ್ಟರ್‌ಗಳನ್ನು ನೋಡಿದ್ದಾಯಿತು. ಎರಡು ತಿಂಗಳು ಹೀಗೆಯೇ ಕಳೆಯಿತು.

ನಾನು ಹೋದ ದಿನ ಎಲೆಕ್ಟ್ರಿಷಿಯನ್ ಕೇಳಿದ ಪ್ರಶ್ನೆ ಇಡೀ ಕೆಲಸಕ್ಕೆ ದಾರಿ ಮಾಡಿತು. "ಸರ್, ಇವರಿಬ್ಬರೂ ತಂತಿಯ ಎರಡು ತುದಿಯಲ್ಲಿ ನಿಂತು ಮಾತಾಡುತ್ತಿದ್ದಾರೆ. ನಡುವೆ ತಂತಿಯಲ್ಲಿ ಏನು ಹೋಗುತ್ತಿದೆ ಎಂದು ಯಾರಾದರೂ ನೋಡಿದ್ದಾರೆಯೇ?" ಯಾರೂ ನೋಡಿರಲಿಲ್ಲ.

ಮೊದಲ ಪ್ರಯತ್ನಗಳು

ನೆಟ್‌ವರ್ಕಿನಲ್ಲಿ ಹರಿಯುವುದನ್ನು ನೋಡಲು ನಮಗೆಲ್ಲ ಪರಿಚಿತವಾದ ಸಾಧನ ವೈರ್‌ಶಾರ್ಕ್. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥಿರಿಯಲ್ ಎಂಬ ಹೆಸರಿನಲ್ಲಿ ಹೊರತಂದ ತಂತ್ರಾಂಶ ಅದು. 2006ರಲ್ಲಿ ಹೆಸರು ಬದಲಾಯಿತು. ಸೀರಿಯಲ್ ಸಾಲಿನ ಮೇಲೆ ಆಡುವ ಮಾಡ್‌ಬಸ್ ರೂಪವಾದ ಆರ್‌ಟಿಯುದ ಫ್ರೇಮುಗಳನ್ನು (ಒಂದೊಂದು ಸಂದೇಶವನ್ನು) ಬಿಡಿಸಿ ಓದುವ ಶಕ್ತಿ ಅದಕ್ಕೆ ಇದೆ. ತೊಡಕು ಹಿಡಿಯುವುದರಲ್ಲಿತ್ತು. ಈಥರ್ನೆಟ್ಟು, ವೈಫೈಗಳ ಕಡೆಯಿಂದ ಬರುವುದನ್ನು ಅದು ಹಿಡಿಯುತ್ತದೆ. ಪಂಪ್ ಮನೆಯ ಸೀರಿಯಲ್ ಸಾಲು ಅದರ ಪಟ್ಟಿಯಲ್ಲಿಯೇ ಇರುವುದಿಲ್ಲ.

ಮೊದಲು ಒಂದು ಯುಎಸ್‌ಬಿ ಅಡಾಪ್ಟರ್ ಜೋಡಿಸಿ, ಸೀರಿಯಲ್ ಟರ್ಮಿನಲ್ ತಂತ್ರಾಂಶದಲ್ಲಿ ಬೈಟುಗಳನ್ನು ಕಡತಕ್ಕೆ ತುಂಬಿಸುವ ಯೋಚನೆ ಮಾಡಿದೆವು. ಕಚೇರಿಯ ಮೇಜಿನ ಮೇಲೆ ಒಂದು ಹಳೆಯ ಡ್ರೈವ್ ಇಟ್ಟು ನೋಡಿದಾಗಲೇ ಪುಟಗಟ್ಟಲೆ ಹೆಕ್ಸ್ ಅಂಕಿಗಳು ಬಂದವು. ಎಲ್ಲಿ ಪ್ರಶ್ನೆ ಮುಗಿಯಿತು, ಎಲ್ಲಿ ಉತ್ತರ ಶುರುವಾಯಿತು ಎಂದು ಕಣ್ಣಿನಿಂದ ಗುರುತಿಸುವುದು ಆಗದ ಮಾತು. ಆಮೇಲೆ ಆ ಕಡತವನ್ನು, ವೈರ್‌ಶಾರ್ಕ್ ಜೊತೆಗೇ ಬರುವ ಟೆಕ್ಸ್ಟ್2ಪಿಕ್ಯಾಪ್ ಎಂಬ ಸಾಧನದಿಂದ ಪರಿವರ್ತಿಸಿ ತೆರೆದೆವು. ಓದಲು ಬಂತು. ಆದರೆ ಅದು ನಿನ್ನೆಯ ಪತ್ರಿಕೆ ಓದಿದಂತೆ. ಪಂಪ್ ನಿಂತ ಕ್ಷಣದಲ್ಲಿ ಪ್ಯಾನೆಲ್ ಮುಂದೆ ನಿಂತವರಿಗೆ ತಂತಿಯ ಮೇಲಿನದು ಆಗಲೇ ಕಾಣಬೇಕಿತ್ತು.

ಆಗ ನಮ್ಮ ಮುಂದೆ ಎರಡು ದಾರಿಗಳಿದ್ದವು. ಬರೆದ ಸ್ಕ್ರಿಪ್ಟಿನ ಫಲಿತಾಂಶವನ್ನು ಪೈಪ್ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವ ಕೊಳವೆ) ಮೂಲಕ ನೇರವಾಗಿ ವೈರ್‌ಶಾರ್ಕ್‌ಗೆ ಸುರಿಯುವುದು ಒಂದು. ಅರ್ಧ ದಿನದ ಕೆಲಸ. ಇನ್ನೊಂದು ಎಕ್ಸ್‌ಟ್‌ಕ್ಯಾಪ್, ಅಂದರೆ ಹೊರಗಿನ ಪ್ರೋಗ್ರಾಂ ಹಿಡಿದದ್ದನ್ನು ವೈರ್‌ಶಾರ್ಕ್‌ನ ಪಟ್ಟಿಗೇ ಸೇರಿಸುವ ವ್ಯವಸ್ಥೆ. ನಾನು ಪೈಪ್ ಸಾಕು ಎಂದೆ. ಪ್ರೋಗ್ರಾಮರ್ ಒಪ್ಪಲಿಲ್ಲ. "ನಾಳೆ ನಾವಿಬ್ಬರೂ ಇಲ್ಲಿರುವುದಿಲ್ಲ ಸರ್. ಇದನ್ನು ನಡೆಸುವವರು ಎಲೆಕ್ಟ್ರಿಷಿಯನ್. ಅವರಿಗೆ ಉದ್ದದ ಆಜ್ಞೆ ಟೈಪ್ ಮಾಡಿಸುವ ಬದಲು ಪಟ್ಟಿಯಲ್ಲಿ ಒಂದು ಹೆಸರು ಕಾಣುವಂತೆ ಮಾಡೋಣ" ಎಂದಳು. ಅವಳ ಮಾತು ಸರಿಯಾಗಿತ್ತು.

ನಾಲ್ಕು ಪ್ರಶ್ನೆಗಳ ಒಪ್ಪಂದ

ಎಕ್ಸ್‌ಟ್‌ಕ್ಯಾಪ್ 2015ರ ವೈರ್‌ಶಾರ್ಕ್ 2.0ರಿಂದ ಜನರ ಕೈಗೆ ಸಿಕ್ಕ ವ್ಯವಸ್ಥೆ. ಅದರ ವಿನ್ಯಾಸ ನನಗೆ ಬಹಳ ಇಷ್ಟ. ಪ್ಲಗಿನ್ ಎಂದರೆ ವೈರ್‌ಶಾರ್ಕ್‌ನ ಒಳಗೆ ಸೇರಿಕೊಳ್ಳುವ ತುಣುಕಲ್ಲ. ಗೊತ್ತಾದ ಒಂದು ಫೋಲ್ಡರಿನಲ್ಲಿ ಇಟ್ಟ, ತಾನೇ ನಡೆಯಬಲ್ಲ ಪ್ರತ್ಯೇಕ ಪ್ರೋಗ್ರಾಂ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು. ನಾವು ಪೈಥಾನ್ ಆರಿಸಿಕೊಂಡೆವು. ವೈರ್‌ಶಾರ್ಕ್ ಅದನ್ನು ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ಆಯ್ಕೆಗಳೊಂದಿಗೆ ಕರೆಯುತ್ತದೆ. ನಿನ್ನಲ್ಲಿ ಯಾವ ಯಾವ ಇಂಟರ್‌ಫೇಸ್‌ಗಳಿವೆ? ಈ ಇಂಟರ್‌ಫೇಸ್‌ನಿಂದ ಬರುವ ಪ್ಯಾಕೆಟ್ಟುಗಳು ಯಾವ ಬಗೆಯವು? ಬಳಕೆದಾರರಿಂದ ಯಾವ ಯಾವ ಸೆಟ್ಟಿಂಗ್ ಕೇಳಬೇಕು? ಕೊನೆಗೆ, ಇಗೋ ಈ ಪೈಪ್, ಇದರೊಳಗೆ ಹಿಡಿದು ಹಾಕು. ಮೊದಲ ಮೂರಕ್ಕೆ ಉತ್ತರ ಒಂದೊಂದು ಸಾಲಿನ ಸಾದಾ ಪಠ್ಯ. ನಾಲ್ಕನೆಯದಕ್ಕೆ ಪಿಕ್ಯಾಪ್ ರೂಪದ ಬೈಟುಗಳು: ಆರಂಭದಲ್ಲಿ 24 ಬೈಟಿನ ಶಿರೋನಾಮೆ, ಆಮೇಲೆ ಪ್ರತಿ ಪ್ಯಾಕೆಟ್ಟಿನ ಮುಂದೆ ಸಮಯ ಮತ್ತು ಉದ್ದ ಹೇಳುವ 16 ಬೈಟು.

ಬಾಡ್ ದರ (ಸಾಲಿನ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಪೋರ್ಟ್ ಇವನ್ನೆಲ್ಲ ಮೂರನೆಯ ಪ್ರಶ್ನೆಗೆ ಉತ್ತರವಾಗಿ ಬರೆದರೆ ಸಾಕು, ವೈರ್‌ಶಾರ್ಕ್ ತಾನೇ ಒಂದು ಚೆಂದದ ಫಾರಂ ಮಾಡಿ ತೋರಿಸುತ್ತದೆ. ದೂರದ ಯಂತ್ರದಿಂದ ಹಿಡಿಯುವ ಎಸ್‌ಎಸ್‌ಎಚ್‌ಡಂಪ್, ಫೋನುಗಳಿಂದ ಹಿಡಿಯುವ ಆಂಡ್ರಾಯ್ಡ್‌ಡಂಪ್ ಇದೇ ದಾರಿಯಲ್ಲಿ ಬಂದವು. ನಾರ್ಡಿಕ್ ಕಂಪನಿಯ ಬ್ಲೂಟೂತ್ ಸ್ನಿಫರ್ ಕೂಡ ವೈರ್‌ಶಾರ್ಕ್‌ಗೆ ಸೇರುವುದು ಹೀಗೆಯೇ.

ಸಣ್ಣ ತೊಡಕುಗಳು ಬಂದವು, ಅರ್ಧ ದಿನದಲ್ಲಿ ಮುಗಿದವು. ಕಡತಕ್ಕೆ ನಡೆಯುವ ಅನುಮತಿ ಕೊಟ್ಟಿರಲಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಹೆಸರೇ ಬರಲಿಲ್ಲ. ತಪ್ಪು ಹುಡುಕಲೆಂದು ಹಾಕಿದ ಮುದ್ರಣದ ಸಾಲುಗಳು ವೈರ್‌ಶಾರ್ಕ್‌ಗೆ ಹೋಗುವ ಉತ್ತರದೊಳಗೇ ಬೆರೆತವು. ಅವನ್ನು ಬೇರೆ ಲಾಗ್ ಕಡತಕ್ಕೆ ತಿರುಗಿಸಬೇಕಾಯಿತು. ಪೈಪಿಗೆ ಬರೆದದ್ದು ಬಫರಿನಲ್ಲಿ ಉಳಿದು, ಪ್ಯಾಕೆಟ್ಟುಗಳು ತಡವಾಗಿ ಗುಂಪುಗುಂಪಾಗಿ ಕಾಣಿಸಿಕೊಂಡವು. ನಿಲ್ಲಿಸು ಎಂದಾಗ ಪ್ಲಗಿನ್ ನಿಲ್ಲದೆ ಪೋರ್ಟನ್ನು ಹಿಡಿದುಕೊಂಡೇ ಇತ್ತು. ಇವನ್ನು ಸರಿಪಡಿಸಿ ಪಂಪ್ ಮನೆಗೆ ಹೋದೆವು.

ಕೇಳಲು ಹೋಗಿ ಸಾಲನ್ನೇ ನಿಲ್ಲಿಸಿದ್ದು

ಅಡಾಪ್ಟರನ್ನು ಸಾಲಿಗೆ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ ತೆರೆದೆವು. ಹಿಡಿಯುವ ಗುಂಡಿಯನ್ನು ಇನ್ನೂ ಒತ್ತಿರಲಿಲ್ಲ. ಎರಡೂ ಪಂಪುಗಳು ಒಟ್ಟಿಗೆ ನಿಂತವು. ಎಲೆಕ್ಟ್ರಿಷಿಯನ್ ಓಡಿಬಂದು ಮೊದಲು ಅಡಾಪ್ಟರಿನ ತಂತಿ ಕಿತ್ತರು.

ಕಾರಣ ಸಿಗಲು ಸಂಜೆಯಾಯಿತು. ಇಂಟರ್‌ಫೇಸ್‌ಗಳ ಪಟ್ಟಿ ಕೊಡುವಾಗ, ಪೋರ್ಟ್ ಜೀವಂತವಾಗಿದೆಯೇ ಎಂದು ತಿಳಿಯಲು ನಮ್ಮ ಪ್ಲಗಿನ್ ಪ್ರತಿ ಪೋರ್ಟನ್ನೂ ಒಮ್ಮೆ ತೆರೆದು ನೋಡುತ್ತಿತ್ತು. ಪಟ್ಟಿ ಕೇಳುವ ಪ್ರಶ್ನೆ ವೈರ್‌ಶಾರ್ಕ್ ಶುರುವಾಗುವಾಗಲೆಲ್ಲ, ಪಟ್ಟಿಯನ್ನು ಹೊಸದಾಗಿ ತರಿಸಿದಾಗಲೆಲ್ಲ ಬರುತ್ತದೆ. ಲಿನಕ್ಸಿನಲ್ಲಿ ಸೀರಿಯಲ್ ಪೋರ್ಟ್ ತೆರೆದ ಕೂಡಲೇ ಅದರ ಆರ್‌ಟಿಎಸ್ ಸಂಕೇತ ಮೇಲೇಳುತ್ತದೆ. ನಾವು ತಂದಿದ್ದ ಅಡಾಪ್ಟರ್, ಸಾಲಿಗೆ ಮಾತಾಡುವ ಭಾಗವನ್ನು ಚಾಲೂ ಮಾಡುತ್ತಿದ್ದದ್ದು ಅದೇ ಸಂಕೇತದಿಂದ. ಹಾಗಾಗಿ ಬರೀ ವೈರ್‌ಶಾರ್ಕ್ ತೆರೆದದ್ದರಿಂದಲೇ ನಮ್ಮ ಅಡಾಪ್ಟರ್ ಇಡೀ ಸಾಲನ್ನು ಒತ್ತಿ ಹಿಡಿಯಿತು. ಬೇರೆ ಯಾರ ಮಾತೂ ಕೇಳಿಸದಂತಾಯಿತು.

ಸೂಚನಾ ಫಲಕವನ್ನು ನೋಡಲು ಹೋದವನು ಫಲಕವನ್ನೇ ಬೀಳಿಸಿದ ಹಾಗಾಯಿತು. ಆ ದಿನ ನನಗಾದ ಕಸಿವಿಸಿ ಇನ್ನೂ ನೆನಪಿದೆ, ಏಕೆಂದರೆ ಪ್ರೋಗ್ರಾಂ ಪರಿಶೀಲಿಸಿ ಸರಿ ಎಂದವನು ನಾನು. ಎರಡು ನಿರ್ಧಾರಗಳನ್ನು ಅಲ್ಲಿಯೇ ತೆಗೆದುಕೊಂಡೆವು. ಪಟ್ಟಿ ಕೊಡುವಾಗ ಪ್ಲಗಿನ್ ಯಾವ ಪೋರ್ಟನ್ನೂ ಮುಟ್ಟಬಾರದು, ಆಪರೇಟಿಂಗ್ ಸಿಸ್ಟಂ ಹೇಳುವ ಹೆಸರುಗಳನ್ನಷ್ಟೇ ಓದಿ ಹೇಳಬೇಕು. ಎರಡನೆಯದು, ಪ್ರೋಗ್ರಾಂ ಒಂದನ್ನೇ ನಂಬಬಾರದು. ಎಲೆಕ್ಟ್ರಿಷಿಯನ್ ಅಡಾಪ್ಟರ್ ಬಿಚ್ಚಿ, ಪ್ರಸರಣವನ್ನು ಚಾಲೂ ಮಾಡುವ ಡಿಇ ಪಿನ್ನನ್ನು ಅದರ ಸರ್ಕ್ಯೂಟಿನಿಂದ ಬಿಡಿಸಿ ಗ್ರೌಂಡ್‌ಗೆ ಬೆಸುಗೆ ಹಾಕಿದರು. ಇನ್ನು ಆ ಅಡಾಪ್ಟರ್ ಬಯಸಿದರೂ ಮಾತಾಡಲಾರದು. ನನ್ನ ದೃಷ್ಟಿಯಲ್ಲಿ ಎರಡನೆಯ ಕ್ರಮವೇ ನಿಜವಾದ ಪರಿಹಾರ.

ಕಾಣೆಯಾದ ಮೌನ

ಮರುದಿನ ಪ್ಯಾಕೆಟ್ಟುಗಳು ಬರತೊಡಗಿದವು, ಆದರೆ ಒಂದಕ್ಕೊಂದು ಅಂಟಿಕೊಂಡು. ಪ್ರಶ್ನೆಯೂ ಅದರ ಉತ್ತರವೂ ಒಂದೇ ಪ್ಯಾಕೆಟ್ಟಿನಲ್ಲಿ. ಕೆಲವೊಮ್ಮೆ ಒಂದೇ ಉತ್ತರ ಎರಡು ತುಂಡು.

ಮಾಡ್‌ಬಸ್ ಆರ್‌ಟಿಯುದಲ್ಲಿ ಫ್ರೇಮಿನ ಆರಂಭಕ್ಕೂ ಅಂತ್ಯಕ್ಕೂ ಯಾವ ಗುರುತೂ ಇಲ್ಲ. ಫ್ರೇಮುಗಳನ್ನು ಬೇರ್ಪಡಿಸುವುದು ಮೌನ: ಮೂರೂವರೆ ಅಕ್ಷರದಷ್ಟು ಕಾಲ ಸಾಲು ಸುಮ್ಮನಿದ್ದರೆ ಒಂದು ಫ್ರೇಮ್ ಮುಗಿಯಿತು ಎಂದರ್ಥ. ಅಲ್ಲಿನ ವೇಗ ಸೆಕೆಂಡಿಗೆ 9600 ಬಿಟ್, ಪ್ಯಾರಿಟಿ ಸೇರಿ ಒಂದು ಅಕ್ಷರಕ್ಕೆ 11 ಬಿಟ್. ಅಂದರೆ ಒಂದು ಅಕ್ಷರಕ್ಕೆ ಸುಮಾರು 1.15 ಮಿಲಿಸೆಕೆಂಡ್, ಮೂರೂವರೆ ಅಕ್ಷರಕ್ಕೆ ಸುಮಾರು 4 ಮಿಲಿಸೆಕೆಂಡ್. ನಮ್ಮ ಅಡಾಪ್ಟರಿನಲ್ಲಿದ್ದ ಎಫ್‌ಟಿಡಿಐ ಚಿಪ್ ಬಂದ ಬೈಟುಗಳನ್ನು ಕೂಡಲೇ ಕಳುಹಿಸುವುದಿಲ್ಲ. ಸಾಮಾನ್ಯವಾಗಿ 16 ಮಿಲಿಸೆಕೆಂಡಿನವರೆಗೆ ಕೂಡಿಹಾಕಿಕೊಂಡು ಒಮ್ಮೆಗೇ ಕೊಡುತ್ತದೆ. 4 ಮಿಲಿಸೆಕೆಂಡಿನ ಮೌನ 16 ಮಿಲಿಸೆಕೆಂಡಿನ ಚೀಲದೊಳಗೆ ಕಾಣೆಯಾಗುತ್ತಿತ್ತು.

ಆ ಕಾಯುವ ಅವಧಿಯನ್ನು ಲಿನಕ್ಸಿನಲ್ಲಿ 1 ಮಿಲಿಸೆಕೆಂಡಿಗೆ ಇಳಿಸಬಹುದು. ಇಳಿಸಿದೆವು, ಬಹಳ ಸುಧಾರಿಸಿತು. ಆದರೂ ಲ್ಯಾಪ್‌ಟಾಪ್ ಬೇರೆ ಕೆಲಸದಲ್ಲಿದ್ದಾಗ ಅಂಟು ಮತ್ತೆ ಕಾಣಿಸುತ್ತಿತ್ತು. ಮೌನವನ್ನು ಮಾತ್ರ ನಂಬಿ ಕತ್ತರಿಸುವುದನ್ನು ಅಲ್ಲಿಗೆ ಕೈಬಿಟ್ಟೆವು. ಬದಲಿಗೆ ಒಳಗಿರುವುದನ್ನು ಓದಿ ಕತ್ತರಿಸುವುದು ಎಂದಾಯಿತು. ರಿಜಿಸ್ಟರ್ (ಉಪಕರಣ ತನ್ನ ಅಳತೆ ಇಟ್ಟುಕೊಳ್ಳುವ ಎರಡು ಬೈಟಿನ ಜಾಗ) ಓದುವ ಪ್ರಶ್ನೆ ಯಾವಾಗಲೂ 8 ಬೈಟು; ಅದರ ಉತ್ತರದ ಉದ್ದ ಮೂರನೆಯ ಬೈಟಿನಲ್ಲಿಯೇ ಬರೆದಿರುತ್ತದೆ. ಆ ಉದ್ದಕ್ಕೆ ಕತ್ತರಿಸಿ, ಕೊನೆಯ ಎರಡು ಬೈಟಿನ ಸಿಆರ್‌ಸಿ (ಸಂದೇಶ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷಾ ಸಂಖ್ಯೆ) ತಾಳೆಯಾದರೆ ಅದು ಒಂದು ಫ್ರೇಮ್. ಯಾವುದೂ ತಾಳೆಯಾಗದಿದ್ದರೆ, 20 ಮಿಲಿಸೆಕೆಂಡ್ ಮೌನ ಬಂದಾಗ ಅಲ್ಲಿಯವರೆಗಿನದೆಲ್ಲ ಒಂದು ಮುದ್ದೆ.

ಮುದ್ದೆಗಳನ್ನು ಏನು ಮಾಡುವುದು?

ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯ ಮೇಲೆ. ಪ್ರೋಗ್ರಾಮರ್ ಮುದ್ದೆಗಳನ್ನು ಎಸೆದುಬಿಟ್ಟಿದ್ದಳು. ಸಿಆರ್‌ಸಿ ತಪ್ಪಿದ ಬೈಟುಗಳಿಗೆ ಅರ್ಥವಿಲ್ಲ, ಪರದೆ ಶುಚಿಯಾಗಿರಲಿ ಎಂಬುದು ಅವಳ ವಾದ. ಆ ರೂಪದಲ್ಲಿ ಒಂದು ದಿನ ಹಿಡಿದ ಕಡತ ನೋಡಿದೆವು. ನಿಜಕ್ಕೂ ಶುಚಿಯಾಗಿತ್ತು. ಪಂಪ್ ನಿಂತ ಹೊತ್ತಿನಲ್ಲಿ ಡ್ರೈವ್‌ಗೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ತಂತಿ ಖಾಲಿಯಾಗಿದ್ದಂತೆ! ಅದನ್ನು ನೋಡಿದರೆ ಪಿಎಲ್‌ಸಿಯೇ ಪ್ರಶ್ನೆ ಕಳುಹಿಸಿಲ್ಲ ಎಂದು ತೀರ್ಪು ಕೊಡಬೇಕಿತ್ತು. ಹಾಗೆ ವರದಿ ಬರೆದು ಕೊಟ್ಟುಬಿಡುವ ಹಂತಕ್ಕೂ ಬಂದಿದ್ದೆವು.

ನನಗೆ ಅನುಮಾನ ಹುಟ್ಟಿದ್ದು ಮೌನದ ಉದ್ದದಿಂದ. ಪ್ರಶ್ನೆಯೊಂದು ಹೋಗಿರಲೇಬೇಕಾದ ಜಾಗ ಅಷ್ಟು ಅಚ್ಚುಕಟ್ಟಾಗಿ ಖಾಲಿ ಇರುವುದು ಹೇಗೆ? ಹಿಡಿಯುವ ಪ್ರೋಗ್ರಾಂ ತಂತಿಯಲ್ಲಿದ್ದುದನ್ನು ಇದ್ದ ಹಾಗೆ ಒಪ್ಪಿಸಬೇಕು. ಅದು ಸರಿಯೋ ತಪ್ಪೋ ಎಂಬುದನ್ನು ನೋಡುವವರಿಗೆ ಬಿಡಬೇಕು. ಇದರ ಬಗ್ಗೆ ನನಗೆ ಆಗ ಬರೀ ಅಂದಾಜಿತ್ತು, ಈಗ ದೃಢವಾದ ನಂಬಿಕೆ ಇದೆ.

ಮುದ್ದೆಗಳನ್ನೂ ಪ್ಯಾಕೆಟ್ಟುಗಳಾಗಿಯೇ ಕಳುಹಿಸಿದೆವು. ಪ್ರತಿ ಪ್ಯಾಕೆಟ್ಟಿನ ಮುಂದೆ ನಮ್ಮದೇ ಒಂದು ಬೈಟು ಸೇರಿಸಿದೆವು: ಇದನ್ನು ಉದ್ದ ಮತ್ತು ಸಿಆರ್‌ಸಿ ನೋಡಿ ಕತ್ತರಿಸಿದೆಯೋ, ಮೌನ ನೋಡಿ ಕತ್ತರಿಸಿದೆಯೋ ಎಂದು ಅದು ಹೇಳುತ್ತದೆ. ಖಾಸಗಿ ಬಳಕೆಗೆಂದು ಮೀಸಲಿಟ್ಟ 147ರಿಂದ 162ರವರೆಗಿನ ಕೊಂಡಿ ಬಗೆಗಳಲ್ಲಿ (ಎರಡನೆಯ ಪ್ರಶ್ನೆಗೆ ಉತ್ತರವಾಗಿ ಹೇಳುವ ಪ್ಯಾಕೆಟ್ ಬಗೆಯ ಸಂಖ್ಯೆಗಳಲ್ಲಿ) 147ನ್ನು ತೆಗೆದುಕೊಂಡೆವು. ವೈರ್‌ಶಾರ್ಕ್‌ನ ಸೆಟ್ಟಿಂಗಿನಲ್ಲಿ, ಆ ಬಗೆಯ ಮೊದಲ ಒಂದು ಬೈಟನ್ನು ನಾವು ಲುವಾ ಭಾಷೆಯಲ್ಲಿ ಬರೆದ ಪುಟ್ಟ ಡಿಸೆಕ್ಟರ್ (ಬೈಟುಗಳನ್ನು ಬಿಡಿಸಿ ಅರ್ಥ ಹೇಳುವ ಭಾಗ) ಓದಬೇಕು, ಉಳಿದದ್ದನ್ನು ಮಾಡ್‌ಬಸ್ ಆರ್‌ಟಿಯು ಡಿಸೆಕ್ಟರ್ ಓದಬೇಕು ಎಂದು ಗೊತ್ತುಮಾಡಿದೆವು. ಈ ಸೆಟ್ಟಿಂಗನ್ನು ಪ್ರತ್ಯೇಕ ಪ್ರೊಫೈಲಿನಲ್ಲಿ ಇಟ್ಟದ್ದು ಒಳ್ಳೆಯದಾಯಿತು. ತಂಡದ ಇನ್ನೊಬ್ಬರು ಅದೇ 147ನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಸೀರಿಯಲ್ ಸಾಲಿನಿಂದ ಹಿಡಿದದ್ದರಲ್ಲಿ ಪೋರ್ಟ್ ಸಂಖ್ಯೆ ಇರುವುದಿಲ್ಲವಾದ್ದರಿಂದ, ಯಾವುದು ಪ್ರಶ್ನೆ, ಯಾವುದು ಉತ್ತರ ಎಂಬುದನ್ನು ಡಿಸೆಕ್ಟರ್ ಉದ್ದ ನೋಡಿ ಅಂದಾಜು ಮಾಡುತ್ತದೆ. 8 ಬೈಟಿನ ಫ್ರೇಮು ಬಂದಾಗ, ಅದರಲ್ಲೂ ಕಾಯಿಲ್ (ಆನ್ ಅಥವಾ ಆಫ್ ಎಂಬ ಸ್ಥಿತಿ) ಓದುವ ಉತ್ತರಗಳಲ್ಲಿ, ಹಿಂದಿನ ಪ್ಯಾಕೆಟ್ ನೋಡಿ ನಾವೇ ಖಚಿತಪಡಿಸಿಕೊಳ್ಳಬೇಕು.

ಕಡತ ಹೇಳಿದ್ದು

ಪರದೆಯಿಲ್ಲದ ಟಿಶಾರ್ಕ್ ಕೂಡ ಎಕ್ಸ್‌ಟ್‌ಕ್ಯಾಪ್ ಇಂಟರ್‌ಫೇಸ್‌ಗಳನ್ನು ಬಳಸಬಲ್ಲದು. ಗಂಟೆಗೊಂದು ಕಡತ ಆಗುವಂತೆ ಅದನ್ನು ಮೂರು ರಾತ್ರಿ ಓಡಿಸಿದೆವು. ಮೊದಲ ಬೆಳಿಗ್ಗೆಯೇ ಪ್ರೋಗ್ರಾಮರ್ ಫೋನ್ ಮಾಡಿ, "ಸರ್, ಮುದ್ದೆಗಳು ಮಾತಾಡುತ್ತಿವೆ" ಎಂದಳು.

ಮುದ್ದೆಗಳೆಲ್ಲ ಒಂದೇ ಬಗೆಯವು. ಪ್ರತಿಯೊಂದರ ಮೊದಲ ಬೈಟು ಎರಡನೇ ವಿದ್ಯುತ್ ಮೀಟರ್‌ನ ವಿಳಾಸ. ಆಮೇಲೆ ಸರಿಯಾದ ಉತ್ತರದ ಆರಂಭ, ಇಪ್ಪತ್ತು ಮೂವತ್ತು ಬೈಟು ಓದುವಂತಿವೆ. ನಡುವೆ ಎಲ್ಲೋ ಕುಸಿದು ಅರ್ಥವಿಲ್ಲದ ಬೈಟುಗಳಾಗುತ್ತದೆ. ಸಮಯದ ಕಾಲಂ ನೋಡಿದರೆ ಎಲ್ಲವೂ ಗಂಟೆಯ 0, 15, 30, 45ನೇ ನಿಮಿಷದ ಆಸುಪಾಸಿನಲ್ಲಿ.

ಮಿಕ್ಕದ್ದು ಲೆಕ್ಕ. ಆ ಮೀಟರಿನಿಂದ ಪಿಎಲ್‌ಸಿ 20 ರಿಜಿಸ್ಟರ್ ಓದುತ್ತಿತ್ತು; ಉತ್ತರ 45 ಬೈಟು, ಸಾಲಿನ ಮೇಲೆ ಸುಮಾರು 52 ಮಿಲಿಸೆಕೆಂಡ್. ಮಾಮೂಲು ಹೊತ್ತಿನಲ್ಲಿ ಮೀಟರ್ 20 ಮಿಲಿಸೆಕೆಂಡಿಗೆಲ್ಲ ಉತ್ತರ ಶುರುಮಾಡಿ 72ಕ್ಕೆ ಮುಗಿಸುತ್ತಿತ್ತು. ಪಿಎಲ್‌ಸಿ ಕಾಯುತ್ತಿದ್ದದ್ದು, ಉತ್ತರ ಪೂರ್ತಿ ಬರುವವರೆಗೆ, 100 ಮಿಲಿಸೆಕೆಂಡ್. ಕಾಲು ಗಂಟೆಗೊಮ್ಮೆ ಮೀಟರ್ ತಡವಾಗಿ, 60 ದಾಟಿದ ಮೇಲೆ ಬಾಯಿ ತೆರೆಯುತ್ತಿತ್ತು. ಆ ಹೊತ್ತಿನ ಬಳಕೆಯ ಲೆಕ್ಕವನ್ನು ತನ್ನ ನೆನಪಿನಲ್ಲಿ ಬರೆದುಕೊಳ್ಳುತ್ತಿರಬೇಕು ಎಂಬುದು ನಮ್ಮ ಊಹೆ. ಅದು ಇನ್ನೂ ಹೇಳುತ್ತಿರುವಾಗಲೇ ಪಿಎಲ್‌ಸಿ ಬೇಸತ್ತು ಸರದಿಯ ಮುಂದಿನವರನ್ನು ಕರೆಯುತ್ತಿತ್ತು. ಸರದಿಯಲ್ಲಿ ಆ ಮೀಟರಿನ ನಂತರ ಬರುವುದು ಒಂದನೇ ಡ್ರೈವ್. ಅದಕ್ಕೆ ಹೋದ ಪ್ರಶ್ನೆ ಮೀಟರಿನ ಉತ್ತರದ ಜೊತೆ ಡಿಕ್ಕಿಯಾಗಿ ಒಡೆಯುತ್ತಿತ್ತು.

ಒಂದು ಸುತ್ತು ಸುಮಾರು 0.9 ಸೆಕೆಂಡ್. ಒಂದು ಪ್ರಶ್ನೆ ತಪ್ಪಿದರೆ ಅಂತರ 1.8 ಸೆಕೆಂಡ್ ಆಗುತ್ತದೆ, ಡ್ರೈವ್ ಸಹಿಸಿಕೊಳ್ಳುತ್ತದೆ. ಮೀಟರ್ ಎರಡು ಸುತ್ತು ಒಟ್ಟೊಟ್ಟಿಗೆ ತಡ ಮಾಡಿದರೆ 2.7 ಸೆಕೆಂಡ್, ಡ್ರೈವ್‌ನ ಮಿತಿ 2 ಸೆಕೆಂಡ್, ಪಂಪ್ ನಿಲ್ಲುತ್ತದೆ. ದಿನಕ್ಕೆ 96 ಕಾಲುಗಂಟೆಗಳಿದ್ದರೂ ಪಂಪ್ ಎರಡು ಮೂರು ಸಲ ಮಾತ್ರ ನಿಲ್ಲುತ್ತಿದ್ದದ್ದು, ಎರಡನೇ ಪಂಪ್ ನಿಲ್ಲದೆ ಒಂದನೆಯದೇ ನಿಲ್ಲುತ್ತಿದ್ದದ್ದು, ಎಲ್ಲಕ್ಕೂ ಉತ್ತರ ಸಿಕ್ಕಿತು. ಪಿಎಲ್‌ಸಿ ಪ್ರಶ್ನೆ ಕಳುಹಿಸಿದ್ದು ನಿಜ. ಡ್ರೈವ್‌ಗೆ ಪ್ರಶ್ನೆ ತಲುಪದಿದ್ದದ್ದೂ ನಿಜ. ಮೀಟರಿನ ತಪ್ಪನ್ನು ಯಾರೂ ನೋಡಿರಲಿಲ್ಲ, ಏಕೆಂದರೆ ಮೀಟರ್ ಉತ್ತರಿಸದಿದ್ದರೆ ಏನೂ ನಿಲ್ಲುವುದಿಲ್ಲ. ಪಿಎಲ್‌ಸಿ ಪ್ರೋಗ್ರಾಂ ಅದನ್ನು ದಾಖಲಿಸುತ್ತಲೂ ಇರಲಿಲ್ಲ.

ಆ ಮೀಟರಿಗೆ ಕಾಯುವ ಅವಧಿಯನ್ನು 250 ಮಿಲಿಸೆಕೆಂಡಿಗೆ ಏರಿಸಿ, ಪ್ರತಿ ಸುತ್ತಿನ ಬದಲು ಹತ್ತು ಸೆಕೆಂಡಿಗೊಮ್ಮೆ ಮಾತ್ರ ವಿಚಾರಿಸುವಂತೆ ಮಾಡಲಾಯಿತು. ಎರಡು ಸಂಖ್ಯೆಗಳ ಬದಲಾವಣೆ, ಅಷ್ಟೇ. ಸಭೆಯಲ್ಲಿ ಎರಡೂ ಕಡೆಯವರು ಒಂದೇ ಪರದೆಯ ಮುಂದೆ ಕುಳಿತು ಒಡೆದ ಫ್ರೇಮನ್ನು ನೋಡಿದರು. ಎರಡು ತಿಂಗಳ ವಾದ ಅರ್ಧ ಗಂಟೆಯಲ್ಲಿ ಮುಗಿಯಿತು.

ಪ್ಲಗಿನ್ ಈಗಲೂ ಅಲ್ಲಿದೆ. ವಿಂಡೋಸ್ ಯಂತ್ರದಲ್ಲಿಯೂ ನಡೆಯಲೆಂದು, ಪೈಥಾನನ್ನು ಕರೆಯುವ ಒಂದು ಬ್ಯಾಚ್ ಕಡತ ಸೇರಿಸಿಕೊಟ್ಟಿದ್ದೇವೆ. ಆ ಫೋಲ್ಡರಿನಲ್ಲಿ ಇಟ್ಟ ಪ್ರತಿಯೊಂದು ಪ್ರೋಗ್ರಾಮನ್ನೂ ವೈರ್‌ಶಾರ್ಕ್ ತೆರೆದಾಗಲೆಲ್ಲ ನಡೆಸುತ್ತದೆ. ಆದ್ದರಿಂದ ಎಲ್ಲಿಂದಲೋ ಸಿಕ್ಕ ಪ್ಲಗಿನ್‌ಗಳನ್ನು ಅಲ್ಲಿ ತುಂಬಬಾರದು ಎಂದು ಯಂತ್ರದ ಮೇಲೆಯೇ ಬರೆದು ಅಂಟಿಸಿದ್ದೇವೆ. ಟೂಲ್‌ಬಾರಿಗೆ ಗುಂಡಿಗಳನ್ನು ಸೇರಿಸುವ ಆಸೆ ಪ್ರೋಗ್ರಾಮರ್‌ಗೆ ಇತ್ತು, ಎಕ್ಸ್‌ಟ್‌ಕ್ಯಾಪ್‌ನಲ್ಲಿ ಅದಕ್ಕೂ ಅವಕಾಶವಿದೆ. ಎಲೆಕ್ಟ್ರಿಷಿಯನ್ ಬೇಡ ಎಂದರು, ಬಿಟ್ಟೆವು.

ಬದಲಾವಣೆಯ ನಂತರ ಮೂವತ್ತು ದಿನ ಹಿಡಿದ ಕಡತಗಳನ್ನು ನೋಡಿದೆವು. ಪಂಪ್ ಒಮ್ಮೆಯೂ ನಿಂತಿರಲಿಲ್ಲ, ಆ ಮೀಟರಿನ ವಿಳಾಸದಿಂದ ಶುರುವಾಗುವ ಒಡೆದ ಫ್ರೇಮು ಒಂದೂ ಇರಲಿಲ್ಲ. ಕಾಲು ಗಂಟೆಯ ಗಡಿಯಲ್ಲಿ ವಿಚಾರಿಸಿದಾಗ ಮೀಟರ್ ಈಗಲೂ ತಡ ಮಾಡುತ್ತದೆ. 120, 130 ಮಿಲಿಸೆಕೆಂಡ್ ದಾಟಿ ಉತ್ತರ ಮುಗಿಯುವುದು ಸಮಯದ ಕಾಲಂನಲ್ಲಿ ಕಾಣುತ್ತದೆ, ಅಲ್ಲಿಯವರೆಗೆ ಪಿಎಲ್‌ಸಿ ಕಾಯುತ್ತದೆ.